ಪ್ರಸಂಗದ ನೋಟ್‌ಬುಕ್ಕಿನಿಂದ ಪುಸ್ತಕದವರೆಗೆ: ಕನ್ನಡದ ಕ್ರೈಸ್ತ ಬರಹಗಾರರಿಗೆ ಒಂದು ಮಾರ್ಗದರ್ಶಿ

‘ಇಪ್ಪತ್ತು ವರ್ಷದ ಪ್ರಸಂಗಗಳು ನೋಟ್‌ಬುಕ್ಕಿನಲ್ಲಿವೆ, ಪುಸ್ತಕ ಮಾಡಬಹುದಾ?’ ‘ಅಮ್ಮನ ಸಾಕ್ಷಿ ಬರೆದಿಟ್ಟಿದ್ದೀನಿ, ಯಾರಿಗೆ ಕೊಡಲಿ?’ ‘ನಮ್ಮ ಚರ್ಚಿಗೆ ನೂರೈವತ್ತು ವರ್ಷ ಆಗ್ತಿದೆ, ಚರಿತ್ರೆ ಬರೆಯೋದು ಹೇಗೆ?’ (ಪ್ರಸಂಗ ಅಂದರೆ ಚರ್ಚಿನ ಆರಾಧನೆಯಲ್ಲಿ ಮಾಡುವ ಉಪದೇಶ.) ಕ್ರೈಸ್ತ ಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ಬಂದಾಗಿನಿಂದ ಈ ಮೂರು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಒಂದೇ ಸಲ ಬರೆದಿಡುತ್ತಿದ್ದೇನೆ.

ಶುರು ಮಾಡಲು ಜಾಸ್ತಿ ಏನೂ ಬೇಡ. ನೀವು ದಿನಾ ಓದುವ ಬೈಬಲ್, ಜೊತೆಗೆ ಇನ್ನೊಂದು ಅನುವಾದದ ಬೈಬಲ್, ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡಲು ಒಂದು ಕಂಪ್ಯೂಟರ್ ಅಥವಾ ಫೋನ್, ಮುಲಾಜಿಲ್ಲದೆ ತಪ್ಪು ಹೇಳುವ ಒಬ್ಬ ಓದುಗ. ಈ ನಾಲ್ಕನೆಯದು ಸಿಗುವುದು ಕಷ್ಟ. ನಿಮ್ಮ ಸಭೆಯವರು, ಅಂದರೆ ನಿಮ್ಮ ಚರ್ಚಿನ ಜನ, ಅಂತೂ ಬೇಡ. ಅವರು ನಿಮ್ಮ ದನಿಯಲ್ಲಿ ಕೇಳಿಸಿಕೊಂಡೇ ಓದುತ್ತಾರೆ, ಹಾಗಾಗಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

1. ಯಾರಿಗೆ ಬರೆಯುತ್ತಿದ್ದೀರಿ, ಒಂದು ಸಾಲಿನಲ್ಲಿ ಬರೆಯಿರಿ

‘ಎಲ್ಲರಿಗೂ’ ಅಂತ ಬರೆದರೆ ಆ ಸಾಲನ್ನು ಹೊಡೆದುಹಾಕಿ. ‘ಮದುವೆಯಾಗಿ ಬೆಂಗಳೂರಿಗೆ ಬಂದ, ಚರ್ಚಿಗೆ ಹೋಗುವುದನ್ನು ಬಿಟ್ಟಿರುವ ನನ್ನ ತಂಗಿಯಂಥವಳಿಗೆ’ ಎಂದಾದರೆ ಕೆಲಸಕ್ಕೆ ಬರುತ್ತದೆ. ‘ಹೊಸದಾಗಿ ಸಂಡೇ ಸ್ಕೂಲ್ ಕಲಿಸಲು ಕೂತವರಿಗೆ’ ಎಂದಾದರೂ ಸರಿ.

ಈ ಸಾಲು ಬರೆದಿರೋ ಇಲ್ಲವೋ, ಮುಂದಿನ ತಕರಾರು ಎದುರಾಗುತ್ತದೆ. ಅದು ಭಾಷೆಯದು. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಹತ್ತರಲ್ಲಿ ಎಂಟು ಹಸ್ತಪ್ರತಿ ಎಡವುವುದು ಇಲ್ಲೇ.

2. ಯಾವ ಚರ್ಚಿನ ಕನ್ನಡ?

ಕನ್ನಡ ಕ್ರೈಸ್ತರಲ್ಲಿ ಎರಡು ಕನ್ನಡಗಳಿವೆ. ಕಥೋಲಿಕರ ಮನೆಯಲ್ಲಿ ‘ಪ್ರಭು’, ‘ಶುಭಸಂದೇಶ’, ‘ಪ್ರೇಷಿತರು’, ‘ಯೊವಾನ್ನ’, ‘ಬಲಿಪೂಜೆ’, ‘ಪ್ರಬೋಧನೆ’. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಇತರ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಕರ್ತನು’, ‘ಸುವಾರ್ತೆ’, ‘ಅಪೊಸ್ತಲರು’, ‘ಯೋಹಾನ’, ‘ಆರಾಧನೆ’, ‘ಪ್ರಸಂಗ’. ಹಳೆಯ ಬೈಬಲ್ ಅನುವಾದದಲ್ಲಿ ‘ಯೆಹೋವನು’ ಇದ್ದ ಕಡೆ ಕಥೋಲಿಕರು ಓದುವ ಅನುವಾದದಲ್ಲಿ ‘ಸರ್ವೇಶ್ವರ’ ಇರುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದೇ ಪುಟದಲ್ಲಿ ಎರಡೂ ಬಂದರೆ, ಬರೆದವರು ಯಾವುದನ್ನೂ ಸರಿಯಾಗಿ ಓದಿಲ್ಲ ಅಂತ ಓದುಗ ಅಂದುಕೊಳ್ಳುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದದ್ದು ಬಹುವಚನ. ಹಳೆಯ ಅನುವಾದದಲ್ಲಿ ಯೇಸು ‘ಹೇಳಿದನು’. ಕಥೋಲಿಕರ ಅನುವಾದದಲ್ಲಿ ಯೇಸು ‘ಹೇಳಿದರು’. ಪವಿತ್ರಾತ್ಮ ಒಂದು ಕಡೆ, ಪವಿತ್ರಾತ್ಮರು ಇನ್ನೊಂದು ಕಡೆ. ಹಳೆಯ ಅನುವಾದದಿಂದ ವಾಕ್ಯ ಎತ್ತಿಕೊಂಡು, ಅದರ ಕೆಳಗೆ ನಿಮ್ಮ ಮಾತಿನಲ್ಲಿ ‘ಯೇಸುಸ್ವಾಮಿಯವರು ಹೀಗೆ ಹೇಳಿದರು’ ಅಂತ ಬರೆದರೆ ಒಂದೇ ಪ್ಯಾರಾದಲ್ಲಿ ಯೇಸುವಿಗೆ ಏಕವಚನ, ಬಹುವಚನ ಎರಡೂ. ಕರಡಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅಚ್ಚಾದ ಮೇಲೆ ಎದ್ದು ಕಾಣುತ್ತದೆ.

ಹಾಗಾಗಿ ಬರೆಯುವ ಮೊದಲೇ ಒಂದು ಹಾಳೆಯಲ್ಲಿ ಪದಪಟ್ಟಿ ಮಾಡಿಕೊಳ್ಳಿ. ಕರ್ತನೋ ಪ್ರಭುವೋ, ಹೇಳಿದನೋ ಹೇಳಿದರೋ, ಯೋಹಾನನೋ ಯೊವಾನ್ನನೋ, ದೇವಾಲಯವೋ ಚರ್ಚೋ. ಇಪ್ಪತ್ತು ಪದ ಆದರೆ ಸಾಕು. ಅದನ್ನು ಮೇಜಿನ ಎದುರಿಗೆ ಅಂಟಿಸಿಕೊಳ್ಳಿ. ಎರಡೂ ಕಡೆಯ ಓದುಗರು ಬೇಕು ಅನ್ನುವವರು ಒಂದನ್ನು ಆರಿಸಿಕೊಂಡು, ಇನ್ನೊಂದನ್ನು ಮೊದಲ ಸಲ ಬಂದಾಗ ಮಾತ್ರ ವಿವರಿಸಿ.

ಹೊರಗಿನ ಓದುಗರ ಮಾತೂ ಇದೆ. ‘ಅಭಿಷೇಕ’, ‘ಹೊರೆ ಬಂತು’, ‘ವಾಕ್ಯ ಕೊಟ್ಟರು’, ‘ಸಾಕ್ಷಿ ಹೇಳಿದರು’. ಇವು ಸಭೆಯೊಳಗಿನ ಮಾತುಗಳು. ಸಾಕ್ಷಿ ಅಂದರೆ ಒಬ್ಬರು ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಸಭೆಯಲ್ಲಿ ಹೇಳುವುದು. ಹೊರಗಿನವರಿಗೆ ಅದು ಕೋರ್ಟಿನಲ್ಲಿ ಹೇಳುವಂಥದ್ದು. ‘ನನಗೆ ಹೊರೆ ಬಂತು’ ಅಂತ ಓದಿದರೆ ಏನು ಹೊತ್ತುಕೊಂಡರಪ್ಪ ಅನ್ನಿಸುತ್ತೆ, ಅಲ್ವಾ? ಪ್ರಾರ್ಥನೆ ಮಾಡಬೇಕೆಂಬ ಒತ್ತಾಸೆ ಮನಸ್ಸಿನಲ್ಲಿ ಹುಟ್ಟಿತು ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಚರ್ಚಿನವರಿಗೆ ಒಳ್ಳೆಯ ಕನ್ನಡ ಬರುವುದಿಲ್ಲ ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆದರೆ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿ ಚನ್ನಪ್ಪನವರು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಸಭಾಪಾಲಕರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಊರ ಕನ್ನಡವನ್ನು ಕಿವಿಗೊಟ್ಟು ಕೇಳಿದ ಪಾದ್ರಿ ಅವರು. ನೀವೂ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಜನ ಮಾತಾಡುವುದನ್ನು ಸ್ವಲ್ಪ ಕೇಳಿಸಿಕೊಳ್ಳಿ. ವೇದಿಕೆಯ ಮೇಲಿನ ಕನ್ನಡಕ್ಕಿಂತ ಅದು ಪುಸ್ತಕಕ್ಕೆ ಹತ್ತಿರ.

3. ಪ್ರಸಂಗವನ್ನು ಪ್ರಸಂಗವಾಗಿಯೇ ಅಚ್ಚು ಹಾಕಬೇಡಿ

ಈಗ ಫೋನಿನಲ್ಲಿ ಮಾತಾಡಿದರೆ ಕನ್ನಡದಲ್ಲಿ ಟೈಪ್ ಆಗುತ್ತದೆ. ಅನುಕೂಲ, ನಿಜ. ಆದರೆ ಹಾಗೆ ಬಂದದ್ದು ಕಚ್ಚಾ ಸರಕು. ಒಂದು ತುಣುಕು ನೋಡಿ. ಲೂಕ 15ನೇ ಅಧ್ಯಾಯದ ಕಳೆದುಹೋದ ನಾಣ್ಯದ ಬಗ್ಗೆ ಮಾತಾಡಿದ್ದು ಹೀಗಿರುತ್ತದೆ:

‘ಪ್ರಿಯರೇ, ಆ ಹೆಂಗಸಿನ ಹತ್ರ ಎಷ್ಟು ನಾಣ್ಯ ಇತ್ತು? ಹತ್ತು. ಎಷ್ಟು ಕಳೀತು? ಒಂದು. ಎಲ್ಲರೂ ಹೇಳಿ, ಒಂದು! ಆ ಒಂದಕ್ಕೋಸ್ಕರ ದೀಪ ಹಚ್ಚಿದಳು, ಹಲ್ಲೆಲೂಯ, ಮನೆಯೆಲ್ಲಾ ಗುಡಿಸಿದಳು. ಇವತ್ತು ನಿನ್ನ ಮನೇಲಿ ಏನು ಕಳೆದಿದೆ? ಸಮಾಧಾನ ಕಳೆದಿದೆಯಾ? ಪ್ರೀತಿ ಕಳೆದಿದೆಯಾ?’

ಸಭೆಯಲ್ಲಿ ಇದು ಕೆಲಸ ಮಾಡುತ್ತದೆ. ದನಿ ಇದೆ, ನಿಲ್ಲಿಸುವ ಜಾಗ ಇದೆ, ಎದುರಿಗೆ ಮುಖಗಳಿವೆ. ಕಾಗದದ ಮೇಲೆ ಇವು ಯಾವುದೂ ಇಲ್ಲ. ಅದೇ ಮಾತು ಪುಸ್ತಕದಲ್ಲಿ ಹೀಗೆ ಬರಬಹುದು:

‘ಆಕೆ ಮೊದಲು ದೀಪ ಹಚ್ಚುತ್ತಾಳೆ. ಬೆಳಕು ಸಾಲದ, ಮಣ್ಣಿನ ನೆಲದ ಮನೆ ಇರಬೇಕು, ನಮ್ಮ ಹಳೆಯ ನಡುಮನೆಗಳ ಹಾಗೆ. ಆಮೇಲೆ ಕಸಬರಿಗೆ. ಕಣ್ಣಿಗೆ ಕಾಣದ್ದು ಕಡ್ಡಿಗೆ ತಾಗಿ ಠಣ್ ಎಂದೀತು ಅಂತ. ಉಳಿದ ಒಂಬತ್ತು ಗಂಟಿನಲ್ಲಿ ಭದ್ರವಾಗಿವೆ. ಈ ಹೊತ್ತು ಅವುಗಳ ನೆನಪೂ ಆಕೆಗಿಲ್ಲ.’

ಇಲ್ಲಿ ‘ನಿನ್ನ ಮನೇಲಿ ಏನು ಕಳೆದಿದೆ’ ಅಂತ ಕೇಳಿಲ್ಲ. ಓದುವವರು ತಾವೇ ಕೇಳಿಕೊಳ್ಳುತ್ತಾರೆ.

ಪ್ರಸಂಗ ತಿದ್ದುವಾಗ ನಾನು ಮೊದಲು ತೆಗೆಯುವುದು ಇವನ್ನು: ‘ಪ್ರಿಯರೇ’, ‘ಹಲ್ಲೆಲೂಯ’, ಆ ಭಾನುವಾರದ ಪ್ರಕಟಣೆಗಳು, ಒಂದೇ ಮಾತನ್ನು ಮೂರು ಸಲ ಹೇಳಿದ್ದು, ‘ನಾನು ಹಿಂದಿನ ವಾರ ಹೇಳಿದ ಹಾಗೆ’. ಅರ್ಧ ಗಂಟೆಯ ಪ್ರಸಂಗದಲ್ಲಿ ಇವೆಲ್ಲ ಹೋದರೆ ಉಳಿಯುವುದು ಹೆಚ್ಚೂಕಮ್ಮಿ ಅರ್ಧ. ಬೇಸರ ಪಡಬೇಡಿ. ಆ ಅರ್ಧವೇ ಅಧ್ಯಾಯ. ಇನ್ನು ಇಪ್ಪತ್ತು ವರ್ಷದ ಎಲ್ಲ ಪ್ರಸಂಗಗಳೂ ಬೇಡ. ಒಂದೇ ಎಳೆಯ ಹನ್ನೆರಡು ಆರಿಸಿ.

ದಿನಕ್ಕೊಂದು ಪುಟದ ಧ್ಯಾನದ ಪುಸ್ತಕ ಬರೆಯುವವರಿಗೆ ಒಂದು ಲೆಕ್ಕ. ಲೆಂಟ್, ಅಂದರೆ ಈಸ್ಟರ್‌ಗೆ ಮೊದಲು ಬರುವ ಉಪವಾಸದ ತಪಸ್ಸುಕಾಲಕ್ಕೆ 40 ದಿನ ಅಂತ ಎಲ್ಲರೂ 40 ಪುಟ ಬರೆದು ತರುತ್ತಾರೆ. ಆದರೆ ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ 40. ಓದುಗ ಭಾನುವಾರವೂ ಪುಸ್ತಕ ತೆಗೆಯುತ್ತಾನೆ, ಅವನಿಗೆ ಅಂದು ಖಾಲಿ ಪುಟ. ಒಂದೋ 46 ಬರೆಯಿರಿ, ಇಲ್ಲವೇ ಭಾನುವಾರಕ್ಕೆ ಬೈಬಲ್ಲಿನ ಒಂದು ಕೀರ್ತನೆಯನ್ನಾದರೂ ಸೂಚಿಸಿ.

4. ಬರೆಯಲು ಹೊತ್ತು

ಇದಕ್ಕೆ ಉಪಾಯ ಕೇಳುವವರು ಬಹಳ. ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲ. ಸಭಾಪಾಲಕರಾದರೆ ಶನಿವಾರ, ಭಾನುವಾರ ಮುಟ್ಟಬೇಡಿ. ಸೋಮವಾರ ಬೆಳಿಗ್ಗೆ ಮುಂದಿನ ಪ್ರಸಂಗದ ಚಿಂತೆ ಇನ್ನೂ ಹತ್ತಿರ ಬಂದಿರುವುದಿಲ್ಲ, ಆಗ ಕೂರಿ. ಮನೆ, ಆಫೀಸು ಎರಡೂ ಇರುವವರಿಗೆ ವಾರಕ್ಕೆ ಮೂರು ದಿನ, ಒಂದೊಂದು ಪುಟ. ವರ್ಷದ ಕೊನೆಗೆ 150 ಪುಟ. ಬರೆಯುವ ಹೊತ್ತನ್ನು ನಿಮ್ಮ ಸ್ವಂತ ಪ್ರಾರ್ಥನೆಯ ಹೊತ್ತಿನಿಂದ ಕದಿಯಬೇಡಿ. ಎರಡೂ ಕೆಡುತ್ತವೆ.

5. ಬೈಬಲ್ ವಾಕ್ಯಗಳನ್ನು ಒಂದೊಂದಾಗಿ ತೆಗೆದು ನೋಡಿ

ನೆನಪಿನಿಂದ ಬರೆದ ವಾಕ್ಯ ಮುಕ್ಕಾಲು ಪಾಲು ತಪ್ಪಿರುತ್ತದೆ. ಹಣವೇ ಎಲ್ಲ ಕೆಡುಕಿಗೆ ಮೂಲ ಅಂತ ಬರೆಯುತ್ತಾರೆ. 1 ತಿಮೊಥೆ 6:10ರಲ್ಲಿ ಇರುವುದು ಹಣದಾಸೆ. ಮೂವರು ಜ್ಞಾನಿಗಳು ಅಂತ ಬರೆಯುತ್ತಾರೆ. ಮತ್ತಾಯ ಎಷ್ಟು ಜನ ಅಂತ ಹೇಳಿಲ್ಲ, ಮೂರು ಕಾಣಿಕೆ ಅಂತ ಮಾತ್ರ ಹೇಳಿದ್ದಾನೆ. ‘ತನಗೆ ತಾನೇ ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ’ ಅನ್ನುವುದು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಆದರೂ ಪ್ರತಿ ಎರಡನೇ ಹಸ್ತಪ್ರತಿಯಲ್ಲಿ ಇರುತ್ತದೆ.

ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳಿಂದ ಕೀರ್ತನೆಯ ಸಂಖ್ಯೆ ಎತ್ತಿಕೊಳ್ಳುವವರು ಹುಷಾರು. ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ 9 ಮತ್ತು 10ನೇ ಕೀರ್ತನೆಗಳು ಸೇರಿ ಒಂದೇ. ಹಾಗಾಗಿ ಕುರಿಗಾಹಿಯ ಕೀರ್ತನೆ ಅಲ್ಲಿ 22, ಈಗಿನ ಬೈಬಲ್‌ಗಳಲ್ಲಿ 23. ಇನ್ನೊಂದು, ಕಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ತೋಬಿತನ ಪುಸ್ತಕದಿಂದ ಮಾತು ತೆಗೆದರೆ, ಅದು ಕೆಲವರ ಬೈಬಲ್‌ನಲ್ಲಿ ಇರುವುದಿಲ್ಲ ಅನ್ನುವುದು ನೆನಪಿರಲಿ.

6. ಬೇರೆಯವರ ಮಾತು, ಬೇರೆಯವರ ಹಾಡು: ಹಕ್ಕುಸ್ವಾಮ್ಯ

ಹಕ್ಕುಸ್ವಾಮ್ಯ ಅಂದರೆ ಕಾಪಿರೈಟ್. ಬರೆದವರಿಗೆ ತಮ್ಮ ಬರಹವನ್ನು ಅಚ್ಚು ಹಾಕಿಸುವ, ಅನುವಾದಿಸುವ, ಮಾರುವ ಹಕ್ಕು. ನಮ್ಮ ದೇಶದಲ್ಲಿ 1957ರ ಕಾಯ್ದೆ ಇದನ್ನು ನೋಡಿಕೊಳ್ಳುತ್ತದೆ. ಲೇಖಕರು ಬದುಕಿರುವಷ್ಟು ಕಾಲ, ತೀರಿಕೊಂಡ ಮೇಲೆ ಇನ್ನೂ 60 ವರ್ಷ. ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಎಣಿಕೆ.

‘ದೇವರ ವಾಕ್ಯಕ್ಕೆ ಯಾರ ಹಕ್ಕು?’ ಅಂತ ಕೇಳುತ್ತೀರಿ. ವಾಕ್ಯಕ್ಕಲ್ಲ, ಅನುವಾದಕ್ಕೆ. ಕೂತು ಅನುವಾದಿಸಿದವರಿದ್ದಾರೆ, ಅದನ್ನು ಪ್ರಕಟಿಸಿದ ಸಂಸ್ಥೆ ಇದೆ. ನೀವು ಬಳಸಿದ ಬೈಬಲ್‌ನ ಮೊದಲ ಪುಟಗಳಲ್ಲಿ ಹಕ್ಕಿನ ಸಾಲು ಇರುತ್ತದೆ. ಅದನ್ನು ನಿಮ್ಮ ಪುಸ್ತಕದಲ್ಲಿ ಹಾಕಿ, ಯಾವ ಅನುವಾದ ಅಂತ ಹೇಳಿ. ಅಲ್ಲೊಂದು ಇಲ್ಲೊಂದು ವಾಕ್ಯವಾದರೆ ಇದು ಸಾಮಾನ್ಯ ಪದ್ಧತಿ. ಇಡೀ ಅಧ್ಯಾಯಗಳನ್ನೇ ಅಚ್ಚು ಹಾಕುವವರು ಪ್ರಕಾಶಕರಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ಭಾರತೀಯ ಸತ್ಯವೇದ ಸಂಘದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ.

ಹಾಡುಗಳ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಬರೆದ ಹಾಡುಗಳು ಈಗ ಯಾರ ಸ್ವತ್ತೂ ಅಲ್ಲ. ಆದರೆ ಹಾಡಿನ ಪುಸ್ತಕ ಹಳೆಯದಾಗಿ ಕಂಡ ಮಾತ್ರಕ್ಕೆ ಅದರಲ್ಲಿರುವ ಹಾಡೆಲ್ಲ ಹಳೆಯದಲ್ಲ. ಪಕ್ಕದಲ್ಲೇ 1980ರ ಹಾಡೂ ಇರಬಹುದು. ಬರೆದವರ ಹೆಸರು ಹುಡುಕಿ, ಸಿಗದಿದ್ದರೆ ಆ ಹಾಡನ್ನು ಬಿಡಿ.

ಇಂಗ್ಲಿಷಿನ ಧ್ಯಾನದ ಪುಸ್ತಕ ಓದಿ ಮೆಚ್ಚಿ ಕನ್ನಡಕ್ಕೆ ಮಾಡಿಕೊಂಡು ಬರುವವರು ವರ್ಷಕ್ಕೆ ನಾಲ್ಕು ಜನ ಸಿಗುತ್ತಾರೆ. ಅನುಮತಿ ಕೇಳಿದ್ದೀರಾ ಅಂದರೆ ‘ಸೇವೆಗೆ ಅಲ್ವಾ, ಹಣಕ್ಕಲ್ಲ’ ಅನ್ನುತ್ತಾರೆ. ಪುಕ್ಕಟೆ ಹಂಚಿದರೂ ಅನುಮತಿ ಬೇಕು. ವಿದೇಶಿ ಲೇಖಕರ ಹಕ್ಕಿಗೆ ಇಲ್ಲೂ ಬೆಲೆ ಇದೆ. 1963ರಲ್ಲಿ ತೀರಿಕೊಂಡ ಬ್ರಿಟಿಷ್ ಲೇಖಕರು ಬದುಕಿದ್ದಾಗ ಪ್ರಕಟಿಸಿದ ಪುಸ್ತಕ ಭಾರತದಲ್ಲಿ 2024ರ ಜನವರಿ 1ರಿಂದ ಮುಕ್ತ. ಬ್ರಿಟನ್ನಿನಲ್ಲಿ 70 ವರ್ಷದ ಲೆಕ್ಕ, ಅಲ್ಲಿ ಇನ್ನೂ ಮುಕ್ತವಲ್ಲ. ನಿಮ್ಮ ಅನುವಾದವನ್ನು ಇ-ಪುಸ್ತಕ ಮಾಡಿ ಲಂಡನ್ನಿನ ಕನ್ನಡಿಗರಿಗೂ ಮಾರುವ ಯೋಚನೆ ಇದ್ದರೆ ಈ ವ್ಯತ್ಯಾಸ ತಿಳಿದಿರಲಿ. ಕೇಳುವಾಗ ಮೂಲ ಲೇಖಕರಿಗೆ ಬರೆದು ಸುಮ್ನೆ ಕೂರಬೇಡಿ, ಪ್ರಕಾಶಕರ ಹಕ್ಕುಗಳ ವಿಭಾಗಕ್ಕೆ ಬರೆಯಿರಿ. ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ. ಅದಕ್ಕೇ ಅನುವಾದ ಶುರು ಮಾಡುವ ಮೊದಲೇ ಕೇಳಬೇಕು.

7. ಸಾಕ್ಷಿ ಬರೆಯುವವರಿಗೆ

ನಿಮ್ಮ ಬದುಕಿನ ಕಥೆಯಲ್ಲಿ ಬೇರೆಯವರೂ ಇರುತ್ತಾರೆ. ಕುಡಿಯುತ್ತಿದ್ದ ಗಂಡ, ಮನೆಯಿಂದ ಹೊರಗೆ ಹಾಕಿದ ಅತ್ತೆ, ಮಾತು ಬಿಟ್ಟ ಅಣ್ಣ. ಅವರಲ್ಲಿ ಯಾರಾದರೂ ಪುಸ್ತಕ ಓದುತ್ತಾರೆ. ಬದುಕಿರುವವರ ಹೆಸರು ಬದಲಿಸಿ, ಊರು ಬದಲಿಸಿ. ಸಾಧ್ಯವಾದರೆ ಆ ಪುಟಗಳನ್ನು ಅವರಿಗೇ ಓದಿಸಿ. ಕಾಯಿಲೆಯ ಹೆಸರು, ಮಕ್ಕಳ ವಿಷಯ ಇವನ್ನಂತೂ ಕೇಳದೆ ಬರೆಯಲೇಬೇಡಿ. ಆಪ್ತಸಮಾಲೋಚನೆಯಲ್ಲಿ ಕೇಳಿದ್ದನ್ನು ‘ಒಬ್ಬ ಸಹೋದರಿ’ ಅಂತ ಬರೆದರೂ ಚಿಕ್ಕ ಊರಿನಲ್ಲಿ ಆ ಸಹೋದರಿ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

‘ಮೊದಲು ನಾನು ಕತ್ತಲಲ್ಲಿದ್ದೆ’ ಅಂತ ಬರೆಯುವಾಗ ಆ ಕತ್ತಲೆಗೆ ನಿಮ್ಮ ಹಿರಿಯರ ದೇವರ ಹೆಸರು ಇಡಬೇಡಿ. ನಿಮ್ಮ ಬಗ್ಗೆ ಬರೆಯಿರಿ. ನಿಮ್ಮ ನೆಂಟರು ನೊಂದುಕೊಳ್ಳುತ್ತಾರೆ ಅನ್ನುವುದು ಮೊದಲ ಕಾರಣ. ಬೇಕೆಂತಲೇ ಇನ್ನೊಂದು ಧರ್ಮದವರ ಭಾವನೆ ಕೆರಳಿಸುವ ಬರಹ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ, ಅದು ಎರಡನೆಯದು.

ಚರ್ಚಿನ ಚರಿತ್ರೆ ಬರೆಯುವವರಿಗೂ ಇಲ್ಲೇ ಒಂದು ಮಾತು. ಸಮಿತಿಯ ಪದಾಧಿಕಾರಿಗಳ ಪಟ್ಟಿ ಚರಿತ್ರೆ ಅಲ್ಲ. ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್, ಸ್ಮಶಾನದ ಕಲ್ಲುಗಳು, ಹಳೆಯ ಲೆಕ್ಕದ ಪುಸ್ತಕ, ಇವುಗಳಿಂದ ಶುರು ಮಾಡಿ. ಬಾಸೆಲ್ ಮಿಷನ್ನಿನ ಸಭೆಯಾದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ನೋಡಲೇಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರದ ಹಳೆಯ ಫೋಟೋಗಳನ್ನು ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ನೋಡಬಹುದು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚು ಹಾಕಿದ್ದು ಈ ಮಿಷನ್ನಿನವರೇ. ಬರೆದಿಡುವ ಅಭ್ಯಾಸ ಅವರಿಗೆ ಚೆನ್ನಾಗಿತ್ತು, ನಮ್ಮ ಪುಣ್ಯ.

8. ಅಧಿಕಾರಿಗಳ ಅನುಮತಿ

ಪ್ರೊಟೆಸ್ಟೆಂಟರಿಗೆ ಇದು ಸಣ್ಣ ವಿಷಯ. ನಿಮ್ಮ ಸಭಾಪಾಲಕರಿಗೆ ಕರಡು ತೋರಿಸಿದರೆ ಒಳ್ಳೆಯದು, ಅಷ್ಟೆ. ಸಭೆಯ ಸಂಬಳದ ಸೇವೆಯಲ್ಲಿ ಇರುವವರು ತಮ್ಮ ಸಭೆಯ ನಿಯಮ ನೋಡಿಕೊಳ್ಳಿ.

ಕಥೋಲಿಕರಿಗೆ ಹಾಗಲ್ಲ. ಇಂಪ್ರಿಮಾಟುರ್ ಅನ್ನುವ ಪದ ಕೇಳಿರುತ್ತೀರಿ. ‘ಅಚ್ಚಾಗಲಿ’ ಅಂತ ಅದರ ಅರ್ಥ. ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಕೊಡುವ ಅನುಮತಿ. ಅದಕ್ಕೆ ಮೊದಲು ಅವರು ನೇಮಿಸಿದ ಪರಿಶೀಲಕರು ಓದಿ ‘ಅಡ್ಡಿಯಿಲ್ಲ’ ಅನ್ನಬೇಕು. ಲ್ಯಾಟಿನ್ನಿನಲ್ಲಿ ನಿಹಿಲ್ ಒಬ್‌ಸ್ಟಾತ್. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಪ್ರಾರ್ಥನೆಯ ಪುಸ್ತಕ (ಕಲಮು 826), ಧರ್ಮೋಪದೇಶದ ಪುಸ್ತಕ (827) ಇವಕ್ಕೆ ಅನುಮತಿ ಬೇಕೇ ಬೇಕು. ಕಥೆ, ಕವಿತೆ, ಆತ್ಮಕಥೆಗೆ ಸಾಮಾನ್ಯವಾಗಿ ಬೇಡ. ನೀವು ಸಂನ್ಯಾಸ ಸಭೆಯ ಸದಸ್ಯರಾದರೆ, ಧರ್ಮ ಅಥವಾ ನೀತಿಯ ಬಗ್ಗೆ ಬರೆದದ್ದಕ್ಕೆ ನಿಮ್ಮ ಉನ್ನತ ಮೇಲಧಿಕಾರಿಗಳ ಒಪ್ಪಿಗೆಯೂ ಬೇಕು (832).

ಜನ ಮರೆಯುವುದು 827ರ ನಾಲ್ಕನೇ ಭಾಗವನ್ನು. ಧರ್ಮ, ನೀತಿಯ ಬಗ್ಗೆ ಬರೆದ ಪುಸ್ತಕವನ್ನು ಈ ಅನುಮತಿ ಇಲ್ಲದೆ ಚರ್ಚಿನಲ್ಲಿ ಇಡುವಂತಿಲ್ಲ, ಮಾರುವಂತಿಲ್ಲ, ಹಂಚುವಂತೆಯೂ ಇಲ್ಲ. ಅಚ್ಚಾಗಿ ಬಂದ ಮೇಲೆ ಫಾದರ್ ‘ಇಲ್ಲಿ ಮಾರೋಕಾಗಲ್ಲ’ ಅಂದರೆ ಅವರ ಮೇಲೆ ಕೋಪ ಬೇಡ. ಅನುಮತಿಯನ್ನು ನಿಮ್ಮ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಕೇಳಬಹುದು, ಇಲ್ಲವೇ ಪುಸ್ತಕ ಪ್ರಕಟವಾಗುವ ಊರಿನ ಧರ್ಮಪ್ರಾಂತ್ಯದಲ್ಲಿ. ಪುಟಗಳನ್ನು ಜೋಡಿಸುವ ಮೊದಲೇ ಕೊಡಿ. ಪರಿಶೀಲಕರು ತಿದ್ದುಪಡಿ ಹೇಳಿದರೆ ಪುಟಗಳೆಲ್ಲ ಹಿಂದೆ ಮುಂದೆ ಆಗುತ್ತವೆ.

9. ಡಿಟಿಪಿ ಮತ್ತು ಆ ಒಂಬತ್ತರ ಕಾಟ

ಡಿಟಿಪಿ ಅಂದರೆ ನಿಮ್ಮ ಬರಹವನ್ನು ಪುಸ್ತಕದ ಪುಟಗಳಾಗಿ ಜೋಡಿಸುವುದು. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡುತ್ತೀರಿ. ಹಲವು ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ನುಡಿ, ಶ್ರೀಲಿಪಿಯಂಥ ಅಕ್ಷರಗಳು. ಅವರು ಪರಿವರ್ತಿಸಿಕೊಳ್ಳುತ್ತಾರೆ. ಹಾಗೆ ಮಾಡುವಾಗ ಒತ್ತಕ್ಷರಗಳು ಕೆಲವೊಮ್ಮೆ ಮುರಿಯುತ್ತವೆ. ಹಾಗಾಗಿ ಪುಟ ಜೋಡಿಸಿದ ಮೇಲೂ ಇನ್ನೊಂದು ಸಲ ಪೂರ್ತಿ ಓದಬೇಕು.

ಅದಕ್ಕಿಂತ ದೊಡ್ಡ ಕಾಟ ನಾವೇ ಮಾಡುವುದು. ಕೆಲವರು ‘ಕರ್ತನು’ ಅಂತ ಟೈಪ್ ಮಾಡುವ ಬದಲು ‘ಕತ೯ನು’ ಅಂತ ಮಾಡುತ್ತಾರೆ. ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದರಲ್ಲಿ ಇರುವುದು ಅರ್ಕಾವೊತ್ತು ಅಲ್ಲ, ಕನ್ನಡದ ಅಂಕಿ ಒಂಬತ್ತು. ಸೊನ್ನೆಯದ್ದೂ ಇದೇ ಕಥೆ, ಅನುಸ್ವಾರದ ಜಾಗದಲ್ಲಿ ಅಂಕಿ ಸೊನ್ನೆ. ಆಮೇಲೆ ಕಡತದಲ್ಲಿ ‘ಕರ್ತ’ ಹುಡುಕಿದರೆ ಅರ್ಧ ಸಿಗುವುದಿಲ್ಲ.

ಒಮ್ಮೆ ನಾನು ಕೆಲಸ ಮಾಡಿದ ಪುಸ್ತಕದಲ್ಲಿ ಈ ತಪ್ಪು ನೂರಾರು ಕಡೆ ಇತ್ತು. ಪ್ರೆಸ್ಸಿನ ಹುಡುಗ ಎಲ್ಲ ಒಂಬತ್ತನ್ನೂ ಒಂದೇ ಏಟಿಗೆ ಬದಲಾಯಿಸಿಬಿಟ್ಟ. ಕರ್ತನು ಸರಿಹೋದ. ಕನ್ನಡ ಅಂಕಿಯಲ್ಲಿದ್ದ ಒಂಬತ್ತನೇ ವಚನಗಳು, ಹತ್ತೊಂಬತ್ತು, ಇಪ್ಪತ್ತೊಂಬತ್ತು ಎಲ್ಲ ಮಾಯ. ನಾನು ನೋಡಿದ್ದು ಅಚ್ಚಾದ ಮೇಲೆ. ತಪ್ಪು ಅವನದ್ದಷ್ಟೇ ಅಲ್ಲ, ಕೊನೆಯ ಕರಡು ಓದದೆ ಸಹಿ ಹಾಕಿದ್ದು ನಾನು. ಅಂದಿನಿಂದ ವಚನಗಳ ಸಂಖ್ಯೆಗೆ 1, 2, 3 ಮಾತ್ರ ಬಳಸುತ್ತೇನೆ.

10. ಪುಟ, ಕಾಗದ, ಪ್ರತಿ

ನಮ್ಮಲ್ಲಿ ಹೆಚ್ಚಿನ ಪುಸ್ತಕಗಳು ಡೆಮ್ಮಿ ಅಷ್ಟದಳ ಅಳತೆಯವು, ಅಂದಾಜು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಪ್ರೆಸ್ಸಿನವರು ಪುಟದ ಲೆಕ್ಕದಲ್ಲಿ ಮಾತಾಡುವುದಿಲ್ಲ, ಫಾರಂ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಫಾರಂ ಅಂದರೆ 16 ಪುಟ. ಒಂದು ಪುಟದಲ್ಲಿ ಸುಮಾರು 230 ಪದ ಹಿಡಿಯುತ್ತದೆ ಅಂದುಕೊಳ್ಳಿ. 25,000 ಪದದ ಹಸ್ತಪ್ರತಿಗೆ 109 ಪುಟ. ಮುನ್ನುಡಿ, ಪರಿವಿಡಿ ಸೇರಿ 116. ಏಳು ಫಾರಂ ಆದರೆ 112, ಎಂಟಾದರೆ 128. ಆ ನಾಲ್ಕು ಪುಟಕ್ಕೋಸ್ಕರ ಇಡೀ ಒಂದು ಫಾರಂ ಹಣ ಕೊಡುವುದಾ? ಮುನ್ನುಡಿ ಬರೆದ ಹಿರಿಯರಿಗೆ ನೋವಾಗದ ಹಾಗೆ ಬೇರೆ ಕಡೆ ನಾಲ್ಕು ಪುಟ ಇಳಿಸಿ.

ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಸಾಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಹಿರಿಯರು ಓದುವ ಪ್ರಾರ್ಥನೆ ಪುಸ್ತಕವಾದರೆ ಅಕ್ಷರ 14 ಪಾಯಿಂಟ್ ಮಾಡಿಸಿ, ಪುಟ ಹೆಚ್ಚಾದರೂ ಚಿಂತೆ ಇಲ್ಲ. 200-300 ಪ್ರತಿ ಸಾಕು ಅನ್ನುವವರು ಡಿಜಿಟಲ್ ಮುದ್ರಣ ಕೇಳಿ. 500 ದಾಟಿದರೆ ಆಫ್‌ಸೆಟ್ ಅಗ್ಗ ಬೀಳುತ್ತದೆ. ‘ಸಾವಿರ ಹಾಕಿಸಿದರೆ ಒಂದಕ್ಕೆ ಬೆಲೆ ಕಡಿಮೆ’ ಅನ್ನುವ ಮಾತಿಗೆ ಮಾರುಹೋಗಬೇಡಿ. ಮಾರಾಟವಾಗದ 600 ಪ್ರತಿಗಳು ಮಂಚದ ಕೆಳಗೆ ಎಷ್ಟು ಜಾಗ ತಿನ್ನುತ್ತವೆ ಅಂತ ಸಭಾಪಾಲಕರ ಹೆಂಡತಿಯರನ್ನು ಕೇಳಿ.

ತಪಸ್ಸುಕಾಲದ ಪುಸ್ತಕ ಕ್ರಿಸ್ಮಸ್‌ಗೆ ಮೊದಲೇ ಪ್ರೆಸ್ಸಿಗೆ ಹೋಗಿರಬೇಕು. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10ಕ್ಕೇ ಬರುತ್ತದೆ. ಡಿಸೆಂಬರ್‌ನಲ್ಲಿ ಪ್ರೆಸ್ಸುಗಳು ಕ್ಯಾಲೆಂಡರ್, ಡೈರಿ ಕೆಲಸದಲ್ಲಿ ಮುಳುಗಿರುತ್ತವೆ.

11. ಪ್ರಕಾಶಕರ ಜೊತೆ ಒಪ್ಪಂದ, ಇಲ್ಲವೇ ಸ್ವಂತ ಪ್ರಕಟಣೆ

ಪ್ರಕಾಶಕರು ಸಿಕ್ಕರೆ ಬಾಯಿಮಾತಿನಲ್ಲಿ ಮುಗಿಸಬೇಡಿ, ಅವರು ನಿಮ್ಮ ಸಭೆಯವರೇ ಆಗಿದ್ದರೂ. ಹಕ್ಕು ಬಿಟ್ಟುಕೊಡುವ ಪತ್ರ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಇ-ಪುಸ್ತಕ, ಆಡಿಯೊ, ಬೇರೆ ಭಾಷೆಯ ಅನುವಾದ ಇವನ್ನು ಬೇರೆ ಬೇರೆಯಾಗಿ ಬರೆಸಿ. ಗೌರವಧನ ರೂಢಿಯಲ್ಲಿ ಮುಖಬೆಲೆಯ ನೂರಕ್ಕೆ 10ರ ಆಸುಪಾಸು. ಹಣದ ಬದಲು ಪ್ರತಿ ಕೊಡುತ್ತೇವೆ ಅಂದರೆ ಎಷ್ಟು ಪ್ರತಿ ಅಂತ ಬರೆಸಿ.

‘ನೀವೇ ಹಣ ಕೊಡಿ, ನಾವು ಪ್ರಕಟಿಸುತ್ತೇವೆ’ ಅನ್ನುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಆಗ ಅಚ್ಚಾದ ಪ್ರತಿಗಳು ನಿಮ್ಮವು, ಹಕ್ಕೂ ನಿಮ್ಮದೇ ಅಂತ ಕಾಗದದಲ್ಲಿ ಇರಲಿ.

ಸ್ವಂತವಾಗಿ ಪ್ರಕಟಿಸುವವರಿಗೂ ಐಎಸ್‌ಬಿಎನ್ ಸಿಗುತ್ತದೆ. ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆ ಅದು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಇದನ್ನು ಆನ್‌ಲೈನ್‌ನಲ್ಲೇ ಕೊಡುತ್ತದೆ, ಶುಲ್ಕ ಇಲ್ಲ. ಮಧ್ಯವರ್ತಿಗಳಿಗೆ ಇದಕ್ಕೆಂದು ಹಣ ಕೊಡಬೇಡಿ. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು ಸಂಖ್ಯೆ. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಹೊಸದು ಬೇಡ.

12. ಪುಸ್ತಕ ಬಂದ ಮೇಲೆ

ಪೆಟ್ಟಿಗೆ ಬಿಚ್ಚಿದ ದಿನ ಎಲ್ಲ ಹಂಚಿಬಿಡಬೇಡಿ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು, ತಮ್ಮದೇ ಖರ್ಚಿನಲ್ಲಿ. ಸ್ವಂತ ಪ್ರಕಟಣೆಯಾದರೆ ಆ ಪ್ರಕಾಶಕರು ನೀವೇ.

ಮಾರಾಟದ ಜಾಗ ಚರ್ಚಿನ ಬಾಗಿಲು ಮಾತ್ರ ಅಲ್ಲ. ಜೂನ್ 13ಕ್ಕೆ ದೋರನಹಳ್ಳಿಯ ಸಂತ ಅಂತೋಣಿ ಹಬ್ಬ, ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನ ಹಬ್ಬ, ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆ. ಮೇಜು ಹಾಕಲು ಅಲ್ಲಿನ ಗುರುಗಳನ್ನು ತಿಂಗಳ ಮೊದಲೇ ಕೇಳಿ. ಅಲ್ಲಿ ಜನ 300 ಪುಟದ ಪುಸ್ತಕ ಕೊಳ್ಳುವುದಿಲ್ಲ. ಬ್ಯಾಗಿನಲ್ಲಿ ಹಿಡಿಯುವ, ಚಿಲ್ಲರೆ ಹುಡುಕಬೇಕಾಗದ ಬೆಲೆಯ ಪುಸ್ತಕ ಕೊಳ್ಳುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಅರ್ಜಿ ಕರೆದಾಗ ಹಾಕಿ. ಕ್ರೈಸ್ತ ಪುಸ್ತಕ ಅಂತ ಹಿಂಜರಿಯಬೇಡಿ, ಚರ್ಚಿನ ಚರಿತ್ರೆ ಊರಿನ ಚರಿತ್ರೆಯೂ ಹೌದು.

ಇನ್ನು ಒಂದು ಪ್ರತಿಯನ್ನು ನಿಮಗಾಗಿ ತೆಗೆದಿಡಿ. ಅದನ್ನು ಯಾರಿಗೂ ಕೊಡಬೇಡಿ. ಓದಿದವರು ಹೇಳುವ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಅದರಲ್ಲೇ ಗುರುತು ಹಾಕುತ್ತಾ ಹೋಗಿ, ಎರಡನೇ ಮುದ್ರಣಕ್ಕೆ ಪ್ರೆಸ್ಸಿಗೆ ಆ ಪ್ರತಿಯನ್ನೇ ಕೊಡಬಹುದು. ನನ್ನ ಕಪಾಟಿನಲ್ಲಿ ಅಂಥವು ಹದಿನಾರಿವೆ. ಒಂದರಲ್ಲಿ ಮೊದಲ ಕೆಂಪು ಗುರುತು ಮುಖಪುಟದ ಮೇಲೇ ಇದೆ, ಲೇಖಕರ ಹೆಸರಿನಲ್ಲಿ.